ಯಂತ್ರ ಬರೆದ ಪತ್ರಕ್ಕೆ ರುಜು ಯಾರದು?

ಹಳೇಬೀಡು, ಬೇಲೂರು ನೋಡಲು ರೈಲಿನಲ್ಲಿ ಹೊರಟವರು ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿಯುತ್ತಾರೆ. ಅಷ್ಟರಲ್ಲಿ ಅವರ ಮೊಬೈಲಿಗೆ ಒಂದಷ್ಟು ಇಮೇಲ್‌ಗಳು ಬಂದು ಸೇರಿರುತ್ತವೆ: ರೈಲು ಟಿಕೆಟ್ಟು, ಕಾದಿರಿಸಿದ ಕೋಣೆಯ ರಸೀದಿ, ಹಣ ಕಟ್ಟುವಾಗ ಬಂದ ಓಟಿಪಿ. ಇವುಗಳಲ್ಲಿ ಒಂದನ್ನೂ ಮನುಷ್ಯರು ಕೂತು ಬರೆದಿಲ್ಲ. ತಂತ್ರಾಂಶವೇ ಬರೆದು, ತಂತ್ರಾಂಶವೇ ಕಳಿಸಿದೆ.

ಬೇಲೂರಿನ ಒಂದು ಹೋಂಸ್ಟೇ ತನ್ನದೇ ಜಾಲತಾಣ ತೆರೆದಿದೆ ಎಂದುಕೊಳ್ಳೋಣ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊದ ವಿಶ್ವಪರಂಪರೆ ಪಟ್ಟಿಗೆ ಸೇರಿವೆ. ಕೋಣೆ ಕೇಳುವವರು ಯಾವ ದೇಶದವರೂ ಆಗಿರಬಹುದು. ಬುಕಿಂಗ್ ಆದ ಮರುಗಳಿಗೆ ಅವರಿಗೆ ರಸೀದಿ ತಲುಪಬೇಕು. ಕಳಿಸುವುದರಲ್ಲಿ ಅಂಥ ಕಷ್ಟವೇನೂ ಇಲ್ಲ. ಬಂದ ಪತ್ರವನ್ನು ಆ ಕಡೆಯ ಯಂತ್ರ ನಂಬುವಂತೆ ಮಾಡುವುದೇ ಕಷ್ಟ.

ಅದಕ್ಕೆ ಕಾರಣ ಹಳೆಯದು. ಇಮೇಲ್ ಇಂದಿಗೂ ಓಡಾಡುವುದು ಎಸ್‌ಎಂಟಿಪಿ ಎಂಬ ನಿಯಮದ ಮೇಲೆ. ಜಾನ್ ಪೋಸ್ಟೆಲ್ ಅದನ್ನು ಬರೆದು ಪ್ರಕಟಿಸಿದ್ದು 1982ರಲ್ಲಿ. ಒಂದು ಯಂತ್ರ ಇನ್ನೊಂದಕ್ಕೆ ತನ್ನ ಹೆಸರು ಹೇಳುತ್ತದೆ, ಪತ್ರ ಯಾರಿಂದ, ಯಾರಿಗೆ ಎಂದು ತಿಳಿಸುತ್ತದೆ, ಆಮೇಲೆ ಪತ್ರ ಒಪ್ಪಿಸುತ್ತದೆ. ಎದುರಿನದು 250 ಎಂಬ ಸಂಖ್ಯೆ ಹೇಳಿದರೆ ಸ್ವೀಕಾರವಾಯಿತು. 4ರಿಂದ ಶುರುವಾಗುವ ಸಂಖ್ಯೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರಬೇಕು. 5ರಿಂದ ಶುರುವಾದರೆ ಅಲ್ಲಿಗೆ ಮುಗಿಯಿತು. ಆದರೆ "ಯಾರಿಂದ" ಎಂದು ಹೇಳಿದ್ದು ನಿಜವೇ ಎಂದು ನೋಡುವ ಏರ್ಪಾಡು ಆ ನಿಯಮದಲ್ಲಿರಲಿಲ್ಲ. ಯಾರು ಯಾರ ಹೆಸರನ್ನು ಬೇಕಾದರೂ ಹೇಳಬಹುದಿತ್ತು. ಮೋಸಗಾರರಿಗೆ ಇಷ್ಟು ಸಾಕಾಯಿತು.

ಹಾಗಾಗಿ ಅಪರಿಚಿತ ಸರ್ವರ್‌ನಿಂದ ಬಂದ ಪತ್ರವನ್ನು ದೊಡ್ಡ ಅಂಚೆಪೆಟ್ಟಿಗೆಗಳು ಈಗ ಅನುಮಾನದಿಂದಲೇ ನೋಡುತ್ತವೆ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳಿಂದ ನೇರವಾಗಿ ಪತ್ರ ಹೊರಹೋಗುವ 25ನೇ ಪೋರ್ಟನ್ನು ಆ ಕಂಪನಿಗಳೇ ಮುಚ್ಚಿಟ್ಟಿರುತ್ತವೆ. ಕ್ಲೌಡ್ ಮೇಲ್ ಸೇವೆಗಳು ಬೆಳೆದದ್ದು ಈ ಕೊರತೆಯನ್ನು ತುಂಬಲು. ಸೆಂಡ್‌ಗ್ರಿಡ್ 2009ರಲ್ಲಿ ಹುಟ್ಟಿತು, ಅಮೆಜಾನಿನ ಎಸ್‌ಇಎಸ್ 2011ರಲ್ಲಿ ಬಂತು. ಹೋಂಸ್ಟೇಯ ತಾಣ ತನ್ನ ಗುಪ್ತ ಕೀಲಿಯೊಡನೆ ಸೇವೆಗೆ ಒಂದು ಕೋರಿಕೆ ಕಳಿಸಿದರಾಯಿತು. ಸರದಿ, ಮರುಪ್ರಯತ್ನ, ಲೆಕ್ಕ ಎಲ್ಲವೂ ಸೇವೆಯ ಹೊಣೆ. ಎಸ್‌ಇಎಸ್‌ನ ಮೂಲದರ ಸಾವಿರ ಪತ್ರಕ್ಕೆ 10 ಅಮೆರಿಕನ್ ಸೆಂಟ್.

ನಂಬಿಕೆಯನ್ನು ಮಾತ್ರ ದುಡ್ಡು ಕೊಟ್ಟು ತರಿಸಲಾಗದು. ಅದಕ್ಕೆ ಜಾಲತಾಣದ ಒಡೆಯರೇ ಇಂಟರ್ನೆಟ್ಟಿನ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ, ತಮ್ಮ ತಾಣದ ಹೆಸರಿನ ದಾಖಲೆಯಲ್ಲಿ ಮೂರು ಸಾಲು ಬರೆಯಬೇಕು. ಮೊದಲನೆಯದು ಎಸ್‌ಪಿಎಫ್: ನಮ್ಮ ಹೆಸರಿನಲ್ಲಿ ಪತ್ರ ಕಳಿಸಬಲ್ಲ ಸರ್ವರ್‌ಗಳು ಇವು ಎಂಬ ಪಟ್ಟಿ.

ಎರಡನೆಯದಾದ ಡಿಕಿಮ್ ಮೂರರಲ್ಲೂ ಸೊಗಸಾದದ್ದು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ಶಿಲ್ಪಗಳಿಗೆ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷದ ಮೇಲೂ ಇದು ಯಾರ ಕೈಕೆಲಸ ಎಂದು ಓದಿ ಹೇಳಬಹುದು. ಡಿಕಿಮ್ ಕೂಡ ಪ್ರತಿ ಪತ್ರದಲ್ಲೂ ಅಂಥದೊಂದು ರುಜು ಕೆತ್ತುತ್ತದೆ, ಗಣಿತದಲ್ಲಿ. ಪತ್ರದ ಒಡಲಿನಿಂದ ಒಂದು ಸಂಖ್ಯಾಸಾರ ತೆಗೆದು, ಅದನ್ನೂ ಮುಖ್ಯ ತಲೆಸಾಲುಗಳನ್ನೂ ಸೇರಿಸಿ, ಕಳಿಸುವವರ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ರುಜು ಮಾಡಲಾಗುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ, ಯಾರು ಬೇಕಾದರೂ ತೆಗೆದು ತಾಳೆ ನೋಡಬಹುದು. ದಾರಿಯಲ್ಲಿ ಯಾರಾದರೂ ರಸೀದಿಯ 1,800 ರೂಪಾಯಿಯನ್ನು 8,100 ಮಾಡಿದರೆ ರುಜು ತಾಳೆಯಾಗುವುದಿಲ್ಲ. ಈ ಜೋಡಿ ಕೀಲಿಗಳ ಗಣಿತ ನಿಜಕ್ಕೂ ಬೆರಗಿನದು.

ಮೂರನೆಯದು ಡಿಮಾರ್ಕ್. ಓದುಗರಿಗೆ ಕಾಣುವ ಹೆಸರಿಗೂ ಮೊದಲೆರಡರಲ್ಲಿ ಸಾಬೀತಾದ ಹೆಸರಿಗೂ ಹೊಂದಿಕೆ ಇದೆಯೇ, ಇಲ್ಲದಿದ್ದರೆ ಪತ್ರವನ್ನು ಏನು ಮಾಡಬೇಕು ಎಂದು ಅದು ಹೇಳುತ್ತದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರನ್ನೂ ಗೂಗಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದೆ.

ಇಷ್ಟಾದ ಮೇಲೂ ನಡತೆಯ ಲೆಕ್ಕ ಉಳಿಯುತ್ತದೆ. ಎಸ್‌ಇಎಸ್‌ಗೆ ಹೊಸದಾಗಿ ಸೇರಿದವರು ಮೊದಲಿಗೆ ದಿನಕ್ಕೆ 200 ಪತ್ರ ಮಾತ್ರ ಕಳಿಸಬಹುದು, ಅದೂ ಮುಂಚೆಯೇ ದೃಢಪಡಿಸಿದ ವಿಳಾಸಗಳಿಗೆ. ಮಿತಿ ಏರಿಸಿಕೊಳ್ಳಲು ಅರ್ಜಿ ಹಾಕಬೇಕು. ಆಮೇಲೂ ಇಲ್ಲದ ವಿಳಾಸಕ್ಕೆ ಹೋಗಿ ಮರಳಿದ ಪತ್ರಗಳು ನೂರಕ್ಕೆ 5 ದಾಟಿದರೆ ಖಾತೆ ಪರಿಶೀಲನೆಗೆ ಬರುತ್ತದೆ, 10 ದಾಟಿದರೆ ನಿಂತೇ ಹೋಗಬಹುದು. "ಇದು ಸ್ಪ್ಯಾಮ್" ಎಂದು ಓದುಗರು ಒತ್ತಿದ ದೂರುಗಳಿಗಂತೂ ಸಾವಿರಕ್ಕೆ ಒಂದೇ ಗಡಿ. ಒಮ್ಮೆ ಕೋಣೆ ಹಿಡಿದ ಅತಿಥಿಗೆ ಪ್ರತಿ ಹಬ್ಬಕ್ಕೂ ರಿಯಾಯಿತಿಯ ಜಾಹೀರಾತು ಕಳಿಸುವ ಚಪಲ ಹಲವರಿಗಿದೆ. ಆ ದೂರುಗಳ ಪೆಟ್ಟು ನಾಳೆ ಹೋಗಬೇಕಾದ ರಸೀದಿಗೆ ಬೀಳುತ್ತದೆ. ರಸೀದಿಗೂ ಜಾಹೀರಾತಿಗೂ ತಾಣದ ಹೆಸರಿನಡಿ ಬೇರೆ ಬೇರೆ ಉಪಹೆಸರು (ಸಬ್‌ಡೊಮೈನ್) ಇಟ್ಟುಕೊಳ್ಳುವುದು ಲೇಸು.

ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿಯಿರಲಿ, ಹಳೇಬೀಡಿನ ಕರಕುಶಲ ಅಂಗಡಿಯಿರಲಿ, ಸ್ವಂತ ಜಾಲತಾಣವುಳ್ಳವರು ಅದನ್ನು ಕಟ್ಟಿಕೊಟ್ಟವರನ್ನು ಇವತ್ತೇ ಕೇಳಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಹಾಕಿದ್ದೀರಾ? ಇಲ್ಲವೆಂದರೆ ಹಾಕಿಸಿಕೊಳ್ಳಿ. ಡಿಎನ್‌ಎಸ್‌ನಲ್ಲಿ ಆ ಸಾಲುಗಳನ್ನು ಬರೆಯಲು ಬೇರೆ ಪರವಾನಗಿಯೇನೂ ಬೇಕಿಲ್ಲ.