ತಾತನೂ ಹತ್ತಿದ ಬಂಡೆ

ಯುಗಾದಿ ಕಳೆದ ಭಾನುವಾರ ಮೊಮ್ಮಗಳ ಜೊತೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆ. ಹೊಂಗೆ ಮರಗಳ ತುಂಬ ಎಳೆ ಹಸಿರು ಚಿಗುರು. “ಈ ತೋಟವನ್ನು 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು” ಎಂದೆ.

“ಆ ಬಂಡೆ?”

“ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಭೂಮಿ ಮೇಲೆ ಮರವೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ.”

ಅವಳು ಓಡಿದಳು. ಮಂಡಿ ಆಪರೇಷನ್ ಆದಮೇಲೆ ನಾನು ಏರು ಹತ್ತಿದವನೇ ಅಲ್ಲ. “ನೀನು ಹೋಗಿ ಬಾ, ಇಲ್ಲೇ ಕೂತಿರ್ತೀನಿ” ಎಂದೆ. ಅರ್ಧ ಹತ್ತಿದವಳು ವಾಪಸು ಬಂದು ಕೈ ಹಿಡಿದಳು.

“ಅಷ್ಟು ವರ್ಷ ಇಲ್ಲೇ ಇದೆ. ನಮಗೋಸ್ಕರ ಇನ್ನರ್ಧ ಗಂಟೆ ಕಾಯಲ್ವಾ ತಾತ?”

ನಿಂತು ನಿಂತು ಹತ್ತಿದೆವು. ಕೆಂಪೇಗೌಡರ ಗೋಪುರದ ಬಳಿ ಗಾಳಿ ತಣ್ಣಗೆ ಬೀಸಿತು. ಇಳಿದು ಬಂದು ನೆರಳಲ್ಲಿ ಎಲೆಯಾಟ ಆಡಿದೆವು: ಉದುರಿದ ಐದು ಬಗೆಯ ಎಲೆ ಆರಿಸಿ, ಕಣ್ಣು ಮುಚ್ಚಿ, ಮುಟ್ಟಿಯೇ ಗುರುತಿಸಬೇಕು. ಸೋತವನು ನಾನೇ!

ಮಕ್ಕಳೇ, ನೀವೂ ಹೋಗಿ. ಟೋಪಿ, ನೀರು ಮರೆಯಬೇಡಿ. ಬೆಳಿಗ್ಗೆ ಏಳಕ್ಕೇ ಹೊರಡಿ. ಬಿಸಿಲೇರಿದರೆ ಬಂಡೆ ನಿಜವಾಗಿಯೂ ‘ಕಾಯುತ್ತದೆ’! ಅಜ್ಜ, ಅಜ್ಜಿಯನ್ನು ಕೆಳಗೆ ಕೂರಿಸಿ ಓಡಬೇಡಿ. ಕೈ ಕೊಡಿ, ಅವರೂ ಹತ್ತುತ್ತಾರೆ.