ಗ್ರೀನ್‌ವಿಚ್ ಕಾಲಮಾನ: ಒಂದು ಊರಿನ ಹೊತ್ತು ಲೋಕದ ಅಳತೆಯಾದ ಬಗೆ

ಹೊತ್ತನ್ನು ಅಳೆಯುವ ಕ್ರಮಗಳು ಮೊದಲಿನಿಂದಲೂ ನೆಲಕ್ಕೆ ಅಂಟಿಕೊಂಡಂಥವು. ಒಂದು ಊರಿನಲ್ಲಿ ಸೂರ್ಯನು ಅತ್ಯಂತ ಎತ್ತರಕ್ಕೇರಿದ ಗಳಿಗೆಯೇ ಆ ಊರಿನ ಮಧ್ಯಾಹ್ನ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ ಪೂರ್ವದ ಊರಿನ ಮಧ್ಯಾಹ್ನ ಪಶ್ಚಿಮದ ಊರಿಗಿಂತ ಸದಾ ಮುಂಚಿನದು. ಕಾಲ್ನಡಿಗೆ ಮತ್ತು ಕುದುರೆಗಾಡಿಗಳ ಯುಗದಲ್ಲಿ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ. ಇಂಥ ಅಸಂಖ್ಯ ಸ್ಥಳೀಯ ಕಾಲಗಳ ಜಾಗದಲ್ಲಿ ಲಂಡನ್ ಸಮೀಪದ ಗ್ರೀನ್‌ವಿಚ್ ಎಂಬ ಒಂದೇ ಊರಿನ ಕಾಲವು ಜಗತ್ತಿಗೆ ಆಧಾರವಾದುದು ಸಾಮಾನ್ಯವಾಗಿ ವಿಜ್ಞಾನದ ಚರಿತ್ರೆಯಲ್ಲಿ ನಿರೂಪಿತವಾಗುತ್ತದೆ. ಆದರೆ ಜನರು ಅದನ್ನು ಒಪ್ಪಿದ, ಒಪ್ಪದ ಹಾಗೂ ಹೆಸರು ಮರೆಸಿ ಒಪ್ಪಿದ ಬಗೆಗಳು ಸಂಸ್ಕೃತಿ ಅಧ್ಯಯನಕ್ಕೂ ಸೇರಿದ ಸಾಮಗ್ರಿಯಾಗಿವೆ.

ಗ್ರೀನ್‌ವಿಚ್ ವೀಕ್ಷಣಾಲಯವು 1675ರಲ್ಲಿ ಸ್ಥಾಪಿತವಾದುದು ನಾವಿಕರಿಗಾಗಿ. ನಡುಗಡಲಿನಲ್ಲಿ ಹಡಗು ಇರುವ ರೇಖಾಂಶವನ್ನು ತಿಳಿಯಬೇಕಾದರೆ ಅಲ್ಲಿನ ಹೊತ್ತಿನ ಜೊತೆಗೆ ಗೊತ್ತಾದ ಒಂದು ಸ್ಥಳದ ಹೊತ್ತೂ ತಿಳಿದಿರಬೇಕು. ನೆವಿಲ್ ಮ್ಯಾಸ್ಕಲಿನ್ ಆರಂಭಿಸಿದ, 1767ನೆಯ ವರ್ಷದಿಂದ ಗಣಿತ ಒದಗಿಸಿದ ನಾವಿಕ ಪಂಚಾಂಗವು ಈ ಆಧಾರ ಸ್ಥಳವನ್ನಾಗಿ ಗ್ರೀನ್‌ವಿಚ್ಚನ್ನು ಇಟ್ಟುಕೊಂಡಿತು. 1833ರಿಂದ ವೀಕ್ಷಣಾಲಯದ ಮಾಳಿಗೆಯ ಕಂಬದಿಂದ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಚೆಂಡೊಂದನ್ನು ಇಳಿಬಿಡಲಾಯಿತು. ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳವರು ಅದನ್ನು ನೋಡಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು.

ಕಡಲಿನ ಈ ಕಾಲವನ್ನು ನೆಲಕ್ಕೆ ತಂದದ್ದು ರೈಲು. ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ತನ್ನ ನಿಲ್ದಾಣಗಳಲ್ಲೆಲ್ಲ ಲಂಡನ್ ಕಾಲವನ್ನು ಜಾರಿಗೆ ತಂದಿತು. ಉಳಿದ ಕಂಪನಿಗಳು ಹಿಂಬಾಲಿಸಿದವು. ಬ್ರಿಸ್ಟಲ್ ನಗರದ ಹೊತ್ತು ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದೆ. ಅಲ್ಲಿನ ವ್ಯಾಪಾರಿ ಭವನದ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳುಗಳನ್ನು ಜೋಡಿಸಿ ಒಂದರಲ್ಲಿ ಊರಿನ ಹೊತ್ತು, ಇನ್ನೊಂದರಲ್ಲಿ ರೈಲಿನ ಹೊತ್ತು ತೋರಿಸಲಾಯಿತು. ಆ ಗಡಿಯಾರ ಇಂದಿಗೂ ಇದೆ. 1852ರಲ್ಲಿ ನಗರವು ಲಂಡನ್ ಕಾಲಕ್ಕೆ ಒಪ್ಪಿತು. ನ್ಯಾಯಾಲಯಗಳು ಇನ್ನೂ ತಡವಾಗಿ ಒಪ್ಪಿದವು. 1858ರಲ್ಲಿ ಡಾರ್ಚೆಸ್ಟರ್‌ನ ಮೊಕದ್ದಮೆಯೊಂದರಲ್ಲಿ ನ್ಯಾಯಾಲಯದ ಗಡಿಯಾರ ಹತ್ತು ದಾಟಿದರೂ ಪ್ರತಿವಾದಿ ಬರಲಿಲ್ಲವೆಂದು ತೀರ್ಪು ವಾದಿಯ ಪರವಾಯಿತು. ಊರಿನ ಗಡಿಯಾರದಲ್ಲಿ ಇನ್ನೂ ಹತ್ತಾಗಿಲ್ಲವೆಂಬುದು ಪ್ರತಿವಾದಿಯ ತಕರಾರು. ಹತ್ತು ಗಂಟೆಯೆಂದರೆ ಆ ಸ್ಥಳದ ಹತ್ತು ಗಂಟೆಯೇ ಎಂದು ಮೇಲಿನ ನ್ಯಾಯಾಲಯ ನಿರ್ಣಯಿಸಿ ಮರುವಿಚಾರಣೆಗೆ ಆಜ್ಞೆ ಮಾಡಿತು. ಹೀಗೆ ನಿಲ್ದಾಣದಲ್ಲಿ ಸೋತ ಊರಿನ ಹೊತ್ತು ಕಾನೂನಿನಲ್ಲಿ ಇನ್ನೂ 22 ವರ್ಷ ಉಳಿಯಿತು. 1880ರ ಶಾಸನವೊಂದು ಬ್ರಿಟನ್ನಿಗೆ ಗ್ರೀನ್‌ವಿಚ್ ಕಾಲವನ್ನೂ ಐರ್ಲೆಂಡಿಗೆ ಡಬ್ಲಿನ್ ಕಾಲವನ್ನೂ ವಿಧಿಸಿತು.

ಈ ಕಾಲವು ವೀಕ್ಷಣಾಲಯದಿಂದ ಜನರ ಕೈಗೆ ತಲುಪುತ್ತಿದ್ದ ಬಗೆ ಇನ್ನೂ ಕುತೂಹಲಕರ. 1836ರಲ್ಲಿ ವೀಕ್ಷಣಾಲಯದ ಸಹಾಯಕ ಜಾನ್ ಹೆನ್ರಿ ಬೆಲ್‌ವಿಲ್ ಜಾನ್ ಆರ್ನಾಲ್ಡ್ ತಯಾರಿಸಿದ ಗಡಿಯಾರವೊಂದನ್ನು ನಿಖರವಾಗಿ ಹೊಂದಿಸಿಕೊಂಡು ಲಂಡನ್ನಿನ ಗಡಿಯಾರದ ವ್ಯಾಪಾರಿಗಳ ಬಾಗಿಲಿಗೆ ಒಯ್ಯತೊಡಗಿದರು. ಕಳ್ಳರ ಕಣ್ಣಿಗೆ ಬೀಳಬಾರದೆಂದು ಅದರ ಚಿನ್ನದ ಕವಚವನ್ನು ತೆಗೆಸಿ ಬೆಳ್ಳಿಯದನ್ನು ಹಾಕಿಸಿದ್ದರು. 1856ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಮಾರಿಯಾ, 1892ರಿಂದ ಮಗಳು ರೂತ್ ಈ ಕಾಯಕವನ್ನು ಮುಂದುವರಿಸಿದರು. ರೂತ್ ವೀಕ್ಷಣಾಲಯಕ್ಕೆ ಹೋಗಿ ಗಡಿಯಾರವನ್ನು ತಾಳೆ ನೋಡಿಸಿ, ಪ್ರಮಾಣಪತ್ರ ಪಡೆದು, ಗಿರಾಕಿಯಿಂದ ಗಿರಾಕಿಗೆ ನಡೆಯುತ್ತಿದ್ದರು. ಗಡಿಯಾರಕ್ಕೆ ಅವರು ಇಟ್ಟ ಹೆಸರು ‘ಆರ್ನಾಲ್ಡ್’. ತಂತಿಯ ಮೂಲಕ ಕಾಲ ಮಾರುತ್ತಿದ್ದ ಕಂಪನಿಯೊಂದರ ನಿರ್ದೇಶಕರು 1908ರಲ್ಲಿ ಈ ಪದ್ಧತಿಯನ್ನು ಸಾರ್ವಜನಿಕವಾಗಿ ಲೇವಡಿ ಮಾಡಿದರು. ಆದರೂ ವ್ಯವಹಾರ ನಿಲ್ಲಲಿಲ್ಲ. ಬಿಬಿಸಿಯ ಆರು ಕಾಲಸಂಕೇತಗಳು 1924ರಲ್ಲಿ, ದೂರವಾಣಿಯ ಮಾತಾಡುವ ಗಡಿಯಾರ 1936ರಲ್ಲಿ ಬಂದ ಮೇಲೂ 1940ರವರೆಗೆ ರೂತ್ ಮನೆಮನೆಗೆ ಹೊತ್ತನ್ನು ಹೊತ್ತೊಯ್ದರು. ಕುಲವೃತ್ತಿಯೊಂದರ ಎಲ್ಲ ಲಕ್ಷಣಗಳೂ ಇಲ್ಲಿವೆ: ಮನೆತನದಲ್ಲಿ ಇಳಿದುಬಂದ ಉಪಕರಣ, ಗೊತ್ತಾದ ಗಿರಾಕಿಗಳು, ವ್ಯಕ್ತಿಯ ಮೇಲಿನ ನಂಬಿಕೆ.

ಜಗತ್ತಿನ ಮಟ್ಟದಲ್ಲಿ ನಿರ್ಣಯವಾದುದು 1884ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ. ಗ್ರೀನ್‌ವಿಚ್ ರೇಖೆಯ ಪರವಾಗಿ 22 ಮತಗಳು, ವಿರುದ್ಧವಾಗಿ ಸಾನ್ ಡೊಮಿಂಗೊದ ಒಂದು ಮತ. ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥ. ಆಗಲೇ ಪ್ರಪಂಚದ ಹಡಗು ಸಾರಿಗೆಯ ಬಹುಪಾಲು ಗ್ರೀನ್‌ವಿಚ್ ಆಧಾರಿತ ನಕಾಶೆಗಳನ್ನು ಬಳಸುತ್ತಿತ್ತೆಂಬುದೇ ಮುಖ್ಯ ವಾದವಾಗಿತ್ತು. ಸಮ್ಮೇಳನವು ಕಾಲವಲಯಗಳನ್ನು ವಿಧಿಸಿತೆಂಬ ಹೇಳಿಕೆ ಅನೇಕ ಪುಸ್ತಕಗಳಲ್ಲಿದ್ದರೂ ಅದು ಸರಿಯಲ್ಲ; ವಲಯಗಳನ್ನು ಒಂದೊಂದು ದೇಶವೂ ತನ್ನ ಕಾಲಕ್ಕೆ ತಾನೇ ಗೊತ್ತುಮಾಡಿಕೊಂಡಿತು. ಫ್ರಾನ್ಸಿನ 1911ರ ಶಾಸನವಂತೂ ‘9 ನಿಮಿಷ 21 ಸೆಕೆಂಡು ಹಿಂದಕ್ಕೆ ಸರಿಸಿದ ಪ್ಯಾರಿಸ್ ಕಾಲ’ವನ್ನು ದೇಶದ ಕಾಲವೆಂದು ಘೋಷಿಸಿತು. ಅದು ಗ್ರೀನ್‌ವಿಚ್ ಕಾಲವೇ. ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಭಾರತಕ್ಕೆ ಆಧಾರರೇಖೆಯ ಕಲ್ಪನೆ ಹೊಸದಾಗಿರಲಿಲ್ಲ. ಸಿದ್ಧಾಂತ ಗ್ರಂಥಗಳು ಲಂಕೆಯಿಂದ ಉಜ್ಜಯಿನಿಯ ಮೂಲಕ ಹಾಯುವ ರೇಖೆಯಿಂದ ಗಣಿತ ಮಾಡಿ, ಬೇರೆ ಊರುಗಳಿಗೆ ದೇಶಾಂತರ ಸಂಸ್ಕಾರವನ್ನು ಹೇಳಿದವು. ಆದರೆ ಆ ರೇಖೆ ಯಾವ ಊರಿನ ಸೂರ್ಯೋದಯವನ್ನೂ ಕಸಿದುಕೊಳ್ಳಲಿಲ್ಲ. ಗಣಿತ ಮುಗಿದ ಮೇಲೆ ಫಲ ಮರಳಿ ಊರಿನ ಹೊತ್ತಿಗೇ ಬರುತ್ತಿತ್ತು. ವಸಾಹತು ಕಾಲದ ರೈಲುಗಳು ಮೊದಲು ಮದರಾಸು ಕಾಲವನ್ನು ಬಳಸಿದವು. 1906ರ ಜನವರಿ 1ರಿಂದ ಗ್ರೀನ್‌ವಿಚ್ಚಿಗಿಂತ ಐದೂವರೆ ಗಂಟೆ ಮುಂದಿನ ಭಾರತೀಯ ಪ್ರಮಾಣಿತ ಕಾಲ ಬಂದಿತು. ಮುಂಬಯಿಯ ಹೊತ್ತು ಅದಕ್ಕಿಂತ 39 ನಿಮಿಷ ಹಿಂದೆ ಇದ್ದುದರಿಂದ ಗಿರಣಿ ಕಾರ್ಮಿಕರು ಅದೇ ತಿಂಗಳು ಪ್ರತಿಭಟಿಸಿದರು. ಹಳೆಯ ಮುಂಬಯಿ ಕಾಲವು ಸ್ವಾತಂತ್ರ್ಯಾನಂತರವೂ ಕೆಲವು ವರ್ಷ ಬಳಕೆಯಲ್ಲಿತ್ತು. ಬೆಂಗಳೂರಿನಲ್ಲಿ ಸೂರ್ಯನು ಮಧ್ಯಾಹ್ನರೇಖೆಗೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ತಿಥಿ ನಕ್ಷತ್ರಗಳನ್ನು ಸೂರ್ಯೋದಯದಿಂದ ಘಳಿಗೆ ವಿಘಳಿಗೆಗಳಲ್ಲಿ ಎಣಿಸುವ ಪಂಚಾಂಗಗಳು ಇಂದಿಗೂ ಈ ಎರಡು ಹೊತ್ತುಗಳನ್ನು ಒಟ್ಟಿಗೆ ಸಂಭಾಳಿಸುತ್ತಿವೆ.

ಇಂದು ಜಗತ್ತಿನ ಗಡಿಯಾರಗಳಿಗೆ ಆಧಾರವಾಗಿರುವುದು ಪರಮಾಣು ಗಡಿಯಾರಗಳಿಂದ ಪಡೆದ ಸಮನ್ವಿತ ಸಾರ್ವತ್ರಿಕ ಕಾಲ. ಇಂಗ್ಲಿಷಿನ ಕ್ರಮದಲ್ಲಿ ಸಿಯುಟಿ, ಫ್ರೆಂಚಿನಲ್ಲಿ ಟಿಯುಸಿ ಆಗಬೇಕಿದ್ದ ಸಂಕ್ಷೇಪವು ಯಾರಿಗೂ ಸೋಲಾಗದಂತೆ ಯುಟಿಸಿ ಆಯಿತು. ಭೂಮಿಯ ತಿರುಗುವಿಕೆಯೊಂದಿಗೆ ಹೊಂದಿಸಲು 1972ರಿಂದ 2016ರವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಗಿದೆ. ಅಧಿಕ ಮಾಸವನ್ನು ಬಲ್ಲವರಿಗೆ ಈ ಉಪಾಯ ಅಪರಿಚಿತವಲ್ಲ. 2035ರೊಳಗೆ ಈ ಪದ್ಧತಿಯನ್ನು ಕೈಬಿಡುವ ದಿಕ್ಕಿನಲ್ಲಿ 2022ರಲ್ಲಿ ಅಂತಾರಾಷ್ಟ್ರೀಯ ನಿರ್ಣಯವಾಗಿದೆ. ಆದರೂ ಮಾತಿನಲ್ಲಿ ಉಳಿದಿರುವುದು ಗ್ರೀನ್‌ವಿಚ್ ಎಂಬ ಹೆಸರೇ; ಬೇಸಗೆಯಲ್ಲಿ ಗ್ರೀನ್‌ವಿಚ್ ಊರೇ ಆ ಕಾಲಕ್ಕಿಂತ ಒಂದು ಗಂಟೆ ಮುಂದೆ ಇರುತ್ತದೆ. ಅಲ್ಲಿನ ವೀಕ್ಷಣಾಲಯದ ಅಂಗಳದಲ್ಲಿ ಪ್ರವಾಸಿಗರು ಎರಡೂ ಬದಿಗೆ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವ ಲೋಹದ ಪಟ್ಟಿ 1884ರ ರೇಖೆ. ಉಪಗ್ರಹಗಳು ಲೆಕ್ಕಹಾಕುವ ಸೊನ್ನೆ ರೇಖಾಂಶವು ಅದಕ್ಕಿಂತ 102 ಮೀಟರ್ ಪೂರ್ವಕ್ಕೆ, ಉದ್ಯಾನದ ಹುಲ್ಲಿನ ಮೇಲೆ ಹಾದುಹೋಗುತ್ತದೆ.