ಹೊಳೆಯ ಹಾದಿಯಲ್ಲಿ ಒಂದು ಕೈಗಾರಿಕಾ ಪ್ರವಾಸ

ಕಾರ್ಖಾನೆಗಳಿರುವ ಊರನ್ನು ಮೊದಲ ಬಾರಿಗೆ ನೋಡಹೋದವರು ಸಾಮಾನ್ಯವಾಗಿ ಹೊಗೆ ಕೊಳವೆಗಳನ್ನು ಎಣಿಸಿ, ಯಂತ್ರಗಳ ಸದ್ದನ್ನು ಕೇಳಿ ಹಿಂದಿರುಗುತ್ತಾರೆ. ಕಚ್ಚಾವಸ್ತು ಎಲ್ಲಿಂದ ಬಂದಿತು, ಬಳಸಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳೊಡನೆ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಿಗೆ ಒಂದು ದಿನದ ಪ್ರವಾಸವನ್ನು ಹೇಗೆ ಯೋಜಿಸಬಹುದೆಂಬುದನ್ನು ನೋಡೋಣ.

ಮೊದಲು ಭೂಪಟವನ್ನು ಬಿಡಿಸೋಣ. ಕೇರಳದ ವಯನಾಡಿನಲ್ಲಿ ಹುಟ್ಟುವ ಕಬಿನಿ ನದಿಯು ನಂಜನಗೂಡನ್ನು ಹಾದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಲಿನ ಊರು ಬಿಟ್ಟ ನೀರೇ ಕೆಳಗಿನ ಊರಿಗೆ ಬರುವ ನೀರು. ಆದುದರಿಂದ ನಮ್ಮ ಪ್ರವಾಸವೂ ಹೊಳೆ ಹರಿಯುವ ದಿಕ್ಕಿನಲ್ಲಿಯೇ ಸಾಗುವುದು ಉಚಿತ.

ಇನ್ನು ದಿನದ ಆಯ್ಕೆ. ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾಗಿರುವುದರಿಂದ ಚಳಿಗಾಲವೇ ಲೇಸು. ನಂಜನಗೂಡಿನ ದೊಡ್ಡ ಜಾತ್ರೆಯ ದಿನಗಳಲ್ಲಿ ಜನಸಂದಣಿ ಅಪಾರ. ೧೯೮೯ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆದುಬಂದಿರುವ ನರಸೀಪುರದ ಕುಂಭಮೇಳದಲ್ಲಿಯೂ ಹಾಗೆಯೇ. ಕೆಲಸದ ದಿನವೊಂದನ್ನು ಆರಿಸಿ, ಕಾರ್ಖಾನೆಗಳ ಅನುಮತಿಗಾಗಿ ವಿದ್ಯಾಲಯದ ಮೂಲಕ ಮುಂಚಿತವಾಗಿಯೇ ಪತ್ರ ಬರೆಯಬೇಕು.

ಬೆಳಿಗ್ಗೆ ಮೈಸೂರಿನಿಂದ ರೈಲಿನಲ್ಲಿ ಹೊರಡೋಣ. ಈ ದಾರಿಗೆ ರೈಲು ಬಂದುದು ೧೮೯೧ರಲ್ಲಿ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, ೧೭೩೫ರಲ್ಲಿ, ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಮುಂದೆ ಹಳಿಗಳನ್ನು ಹಾಸಲಾಯಿತು. ಈಗ ರೈಲಿಗೆ ಬೇರೆ ಸೇತುವೆಯಿದೆ. ಹಳೆಯದು ಸ್ಮಾರಕವಾಗಿ ನಿಂತಿದೆ.

ಶ್ರೀಕಂಠೇಶ್ವರನ ಕ್ಷೇತ್ರವೆಂದೂ ರಸಬಾಳೆಯ ನಾಡೆಂದೂ ಹೆಸರಾದ ಈ ಊರಿಗೆ ಕೈಗಾರಿಕೆ ಹೊಸದಲ್ಲ. ೧೯೧೩ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಗೆ ಆಧಾರವಾದುದು ಭತ್ತದ ಹೊಟ್ಟು. ಗದ್ದೆಯ ಕಸವೇ ಕಚ್ಚಾವಸ್ತುವಾದ ಸೊಗಸಾದ ಉದಾಹರಣೆಯಿದು. ಅನಂತರ ಕೈಗಾರಿಕಾ ಪ್ರದೇಶವು ಬೆಳೆದು ಊರಿಗೆ ಎರಡನೆಯ ಹರೆಯ ಬಂದಿತು. ೧೯೮೯ರಲ್ಲಿ ಇಲ್ಲಿ ನೆಸ್ಲೆ ಸಂಸ್ಥೆಯ ಕಾರ್ಖಾನೆ ಆರಂಭವಾಯಿತು. ದಿಢೀರ್ ಕಾಫಿಯು ಅದರ ಮುಖ್ಯ ಉತ್ಪನ್ನ. ಹುರಿದ ಕಾಫಿಯ ಸತ್ವವನ್ನು ಬಿಸಿನೀರಿನಲ್ಲಿ ಇಳಿಸಿ, ಆ ನೀರನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದೇ ದಿಢೀರ್ ಕಾಫಿ. ಕಷಾಯವನ್ನು ತುಂತುರಾಗಿ ಚಿಮ್ಮಿಸಿ ಬಿಸಿಗಾಳಿಯಲ್ಲಿ ಒಣಗಿಸುವುದು ಅದಕ್ಕೊಂದು ವಿಧಾನ.

ಮಧ್ಯಾಹ್ನ ನರಸೀಪುರಕ್ಕೆ ಬಂದರೆ, ಅಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆಯಿದೆ. ೧೯೧೨ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ನೂಲು ಹೋಗುವುದು ಇಲ್ಲಿಂದ. ಇಲ್ಲಿಯೂ ಬಿಸಿನೀರಿನದೇ ಆಟ. ರೇಷ್ಮೆಯ ಎಳೆ ಫೈಬ್ರಾಯಿನ್ ಎಂಬ ಪ್ರೋಟೀನು. ಅದನ್ನು ಗೂಡಿನಲ್ಲಿ ಹಿಡಿದಿಡುವ ಅಂಟು ಸೆರಿಸಿನ್. ಗೂಡಿನ ಪದರದ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಈ ಅಂಟೇ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಅಂಟು ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಒಂದು ಗೂಡಿನಿಂದ ತಳಿಗನುಸಾರವಾಗಿ ಸುಮಾರು ೪೦೦ರಿಂದ ೧೦೦೦ ಮೀಟರುಗಳಷ್ಟು ಎಳೆ ದೊರೆಯುವುದುಂಟು. ಹಲವು ಗೂಡುಗಳ ಎಳೆಗಳು ಕೂಡಿದರೆ ಒಂದು ನೂಲು.

ಹಾಗೆ ಬೇಯಿಸಿದ ನೀರಿನಲ್ಲಿ ಅಂಟಿನ ಒಂದಷ್ಟು ಭಾಗ ಉಳಿಯುತ್ತದೆ. ಇಂಥ ಸಾವಯವ ವಸ್ತುವು, ಯಾವ ಕಾರ್ಖಾನೆಯಿಂದಲೇ ಬರಲಿ, ಊರಿನ ಚರಂಡಿಯಿಂದಲೇ ಬರಲಿ, ಶುದ್ಧಿಯಾಗದೆ ಹೊಳೆ ಸೇರಿದರೆ ಸೂಕ್ಷ್ಮಜೀವಿಗಳಿಗೆ ಔತಣವಾಗುತ್ತದೆ. ಅದನ್ನು ಕೊಳೆಯಿಸುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಪಯೋಗಿಸಿಕೊಳ್ಳುತ್ತವೆ. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಲೀಟರು ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕವು ಸುಮಾರು ೮ ಮಿಲಿಗ್ರಾಮ್ ಮಾತ್ರ. ಅದೂ ತೀರಿಹೋದರೆ ಮೀನಿಗೆ ಉಸಿರಿಲ್ಲ. ಕಾರ್ಖಾನೆಯು ನೀರನ್ನು ಶುದ್ಧಿಗೊಳಿಸಿಯೇ ಹೊರಬಿಡಬೇಕೆಂಬ ನಿಯಮದ ಹಿಂದಿರುವ ಕಾರಣ ಇದೇ. ಇದಕ್ಕಾಗಿ ೧೯೭೪ರಲ್ಲಿ ಜಲಮಾಲಿನ್ಯ ನಿಯಂತ್ರಣದ ಕಾಯಿದೆಯು ಜಾರಿಗೆ ಬಂದಿತು.

ಆದುದರಿಂದ ನಮ್ಮ ಚೀಲದಲ್ಲಿ ಉಷ್ಣಮಾಪಕ, ಟಿಪ್ಪಣಿ ಪುಸ್ತಕಗಳ ಜೊತೆಗೆ ಬಿರಡೆಯುಳ್ಳ ಗಾಜಿನ ಶೀಶೆಗಳೂ ಇರಲಿ. ನಂಜನಗೂಡಿನ ಮೇಲೆ, ಅದರ ಕೆಳಗೆ, ಸಂಗಮಕ್ಕೆ ಮುಂಚೆ, ಹೀಗೆ ಮೂರು ಕಡೆ ಎರಡೆರಡು ಶೀಶೆಗಳನ್ನು ಗಾಳಿಗುಳ್ಳೆಯಿಲ್ಲದಂತೆ ತುಂಬಬೇಕು. ಆಳವಿಲ್ಲದ ಕಡೆ, ಅಧ್ಯಾಪಕರು ಜೊತೆಗಿರುವಾಗ ಮಾತ್ರ ಈ ಕೆಲಸ. ಒಂದು ಶೀಶೆಯ ಆಮ್ಲಜನಕವನ್ನು ವಿಂಕ್ಲರ್ ಕ್ರಮದಿಂದ ಅಳೆಯಬೇಕು. ಅದಕ್ಕೆ ಬೇಕಾದ ಮೊದಲ ದ್ರಾವಣಗಳನ್ನು ದಡದಲ್ಲಿಯೇ ಸೇರಿಸುವುದು ಅಗತ್ಯ. ಇನ್ನೊಂದನ್ನು ೨೭ ಡಿಗ್ರಿಯಲ್ಲಿ ೩ ದಿನ ಕತ್ತಲಲ್ಲಿಟ್ಟು ಅಳೆಯಬೇಕು. ವ್ಯತ್ಯಾಸ ಹೆಚ್ಚಾದಷ್ಟೂ ಕೊಳೆ ಹೆಚ್ಚು. ಆದರೆ ಒಂದು ದಿನದ ಅಳತೆಯಿಂದ ಯಾರನ್ನೂ ದೂರಲಾಗದು. ಕಾರ್ಖಾನೆ, ಊರು, ಗದ್ದೆ ಎಲ್ಲದರ ಪಾಲೂ ಅದರಲ್ಲಿರುತ್ತದೆ.

ಸಂಜೆ ಸಂಗಮದ ಮೆಟ್ಟಿಲುಗಳಲ್ಲಿ ಕುಳಿತಾಗ ಮೀಯುವವರೂ ಬಟ್ಟೆ ಒಗೆಯುವವರೂ ಕಾಣುತ್ತಾರೆ. ಕೈಗಾರಿಕೆಯಿಂದ ಊರಿಗೆ ಹೊಸ ಜೀವ ಬಂದಿದೆಯೇ ಎಂಬುದನ್ನು ಆ ಊರಿನ ಸಂಬಳದ ಪಟ್ಟಿ ಅರ್ಧ ಹೇಳುತ್ತದೆ. ಉಳಿದರ್ಧವನ್ನು ಹೇಳಬೇಕಾದುದು ಕೆಳಗಿನ ಊರಿನ ನೀರು. ಅದನ್ನು ಓದಲು ಕಲಿತರೆ ನಮ್ಮ ಮೊದಲ ಭೇಟಿ ಸಾರ್ಥಕವಾದಂತೆ.